ತಲೆಗೆ ಪೆಟ್ಟಾದ ಮೇಲೆ: ಅಭ್ಯಾಸವು ಮಿದುಳನ್ನು ತಿದ್ದುವ ಬಗೆ

ಕೊನೆಗಾರ ಅಡಿಕೆ ಮರದಿಂದ ಬಿದ್ದ, ಮರಗಸಿ ಮಾಡುವಾಗ ಕೊಂಬೆ ತಲೆಗೆ ಬಡಿಯಿತು, ಘಾಟಿಯ ತಿರುವಿನಲ್ಲಿ ಜೀಪು ಮಗುಚಿತು – ಇಂಥ ಸುದ್ದಿ ನಮ್ಮ ಸದಸ್ಯರಿಗೆ ಹೊಸದಲ್ಲ. ಜೀವ ಉಳಿದರೂ ಒಂದು ಕೈ, ಒಂದು ಕಾಲು ಸ್ವಾಧೀನ ತಪ್ಪಿದಾಗ, 'ಇನ್ನು ಇಷ್ಟೇ' ಎಂದು ಮನೆಯವರು ಕೈಚೆಲ್ಲುವುದನ್ನು ನಾವು ಕಂಡಿದ್ದೇವೆ. ಹಾಗೆ ಕೈಚೆಲ್ಲಬೇಕಾಗಿಲ್ಲ. ಏಕೆಂಬುದನ್ನು ಇಲ್ಲಿ ವಿವರಿಸುತ್ತೇವೆ.

ಮಿದುಳಿನ ಮೇಲ್ಪದರದಲ್ಲಿ ಚಲನೆಯನ್ನು ನಡೆಸುವ ಪಟ್ಟಿಯಂಥ ಭಾಗವೊಂದಿದೆ. ಅದರಲ್ಲಿ ಬೆರಳು, ಮೊಣಕೈ, ಭುಜ, ಕಾಲು ಒಂದೊಂದಕ್ಕೂ ತೋಟದ ತಾಕುಗಳಂತೆ ಬೇರೆ ಬೇರೆ ಜಾಗ. ಎಡಮಿದುಳು ಮುಖ್ಯವಾಗಿ ಬಲಗೈಯನ್ನೂ, ಬಲಮಿದುಳು ಎಡಗೈಯನ್ನೂ ಆಳುತ್ತದೆ. ಪೆಟ್ಟಿನಿಂದ ಇಲ್ಲಿ ಸತ್ತ ನರಕೋಶಗಳು ಮತ್ತೆ ಚಿಗುರುವುದಿಲ್ಲ. ಆದರೆ ಸುತ್ತ ಉಳಿದವು ಸುಮ್ಮನಿರುವುದಿಲ್ಲ. ಮೊದಲೇ ಇದ್ದು ಬಳಕೆಯಾಗದ ಸಂಪರ್ಕಗಳು ಎಚ್ಚೆತ್ತುಕೊಳ್ಳುತ್ತವೆ. ನರಕೋಶಗಳು ಹೊಸ ಕವಲೊಡೆದು ನೆರೆಯವುಗಳೊಡನೆ ಕೂಡಿಕೊಳ್ಳುತ್ತವೆ. ತೋಟದ ದಾರಿಗೆ ಮರ ಬಿದ್ದರೆ ಆಳುಗಳು ಪಕ್ಕದಲ್ಲಿ ನಡೆದು ನಡೆದು ಹೊಸ ಕಾಲುದಾರಿ ಬೀಳುವುದಿಲ್ಲವೆ, ಹಾಗೆ. ನಡೆಯದಿದ್ದರೆ ಹೊಸ ದಾರಿ ಬೀಳದು. ಇದ್ದ ದಾರಿಗೂ ಕಳೆ ಹಬ್ಬುತ್ತದೆ.

ಅಮೆರಿಕದ ವಿಜ್ಞಾನಿ ರ್‍ಯಾಂಡಾಲ್ಫ್ ನೂಡೋ ಮತ್ತು ಸಂಗಡಿಗರು ಕೋತಿಗಳ ಮೇಲೆ ನಡೆಸಿ 1996ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನು ತೋರಿಸಿದವು. ಮಿದುಳಿನಲ್ಲಿ ಕೈಗೆ ಸೇರಿದ ಜಾಗದ ಸ್ವಲ್ಪ ಭಾಗ ಹಾಳಾದ ಮೇಲೆ, ಅಭ್ಯಾಸವಿಲ್ಲದ ಕೋತಿಗಳಲ್ಲಿ ಹಾಳಾಗದೆ ಉಳಿದಿದ್ದ ಜಾಗವೂ ಕುಗ್ಗಿತು. ಚಿಕ್ಕ ಕುಳಿಗಳಿಂದ ತಿನಿಸು ಹೆಕ್ಕುವ ಅಭ್ಯಾಸ ಮಾಡಿಸಿದ ಕೋತಿಗಳಲ್ಲಿ ಅದು ಉಳಿಯಿತು. ಕೆಲವದರಲ್ಲಿ ಮೊಣಕೈ, ಭುಜಗಳ ಜಾಗಕ್ಕೂ ಹಬ್ಬಿತು.

ಮನುಷ್ಯರಲ್ಲಿ ಇನ್ನೊಂದು ತೊಡಕುಂಟು. ಸೋತ ಕೈ ಒಂದೆರಡು ಬಾರಿ ವಿಫಲವಾದರೆ ರೋಗಿ ಎಲ್ಲಕ್ಕೂ ಒಳ್ಳೆಯ ಕೈಯನ್ನೇ ಚಾಚುತ್ತಾನೆ. ಎಡ್ವರ್ಡ್ ಟಾಬ್ ಇದಕ್ಕೆ ಉಪಾಯ ಕಂಡರು: ಒಳ್ಳೆಯ ಕೈಗೆ ಗವಸು ತೊಡಿಸಿ, ಸೋತ ಕೈಯಿಂದಲೇ ಕೆಲಸ ಮಾಡಿಸುವುದು. ಪಾರ್ಶ್ವವಾಯುವಾದ 222 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಎರಡು ವಾರಗಳ ಇಂಥ ಅಭ್ಯಾಸದ ಫಲ ಒಂದು ವರ್ಷದ ಮೇಲೂ ಉಳಿದಿತ್ತು. ತಲೆಗೆ ಪೆಟ್ಟಾದವರಲ್ಲಿ ಕೈ ಸ್ವಲ್ಪವಾದರೂ ಆಡುತ್ತಿದ್ದರೆ ಇದನ್ನೇ ಬಳಸುವುದುಂಟು.

ಆದ್ದರಿಂದ ಸದಸ್ಯರು ಗಮನಿಸಬೇಕಾದುದು:

1. ಮೊದಲ ದಿನಗಳಲ್ಲಿ ವೈದ್ಯರ ಅಪ್ಪಣೆಯಿಲ್ಲದೆ ಯಾವ ವ್ಯಾಯಾಮವೂ ಬೇಡ. ಅತಿಯಾದರೆ ಕೆಡುಕೂ ಆದೀತು.

2. ಬೇರೊಬ್ಬರು ಕೈ ಎತ್ತಿ ಇಳಿಸಿದರೆ ಕೀಲು ಬಿಗಿಯುವುದು ತಪ್ಪೀತು. ಆದರೆ ಮಿದುಳು ಕಲಿಯುವುದು ರೋಗಿ ತಾನೇ ಯತ್ನಿಸಿದಾಗ.

3. ಅಭ್ಯಾಸ ದಿನವೂ, ನೂರಾರು ಬಾರಿ ಆಗಬೇಕು, ಅರ್ಥವುಳ್ಳ ಕೆಲಸವಾಗಿರಬೇಕು. ಒಂದು ತಟ್ಟೆಯಿಂದ ಇನ್ನೊಂದಕ್ಕೆ ಕಾಫಿ ಬೀಜ ಹೆಕ್ಕುವುದು, ಅಂಗಿಯ ಗುಂಡಿ ಹಾಕುವುದು, ಲೋಟ ಎತ್ತುವುದು. ಸುಲಭವಾದೊಡನೆ ಸ್ವಲ್ಪ ಕಷ್ಟದ್ದನ್ನು ಕೊಡಿ.

4. ಪ್ರೀತಿಯಿಂದಲೇ ಆದರೂ ಎಲ್ಲವನ್ನೂ ಮಾಡಿಕೊಡಬೇಡಿ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ನರರೋಗ ಪುನಶ್ಚೇತನ ವಿಭಾಗವಿದೆ. ಜಿಲ್ಲಾ ಆಸ್ಪತ್ರೆಯಲ್ಲೂ ಫಿಸಿಯೋಥೆರಪಿಯವರನ್ನು ವಿಚಾರಿಸಬಹುದು. ಎಲ್ಲರೂ ಮೊದಲಿನಂತಾಗುತ್ತಾರೆಂದು ನಾವು ಹೇಳಲಾರೆವು. ಹೊಸದಾಗಿ ನೆಟ್ಟ ಗಿಡದ ಫಸಲಿಗೆ ಮೂರು ನಾಲ್ಕು ವರ್ಷ ಕಾಯುವ ನಾವು, ಗಾಯಗೊಂಡ ಮನೆಯವನಿಗೂ, ಆಳಿಗೂ ಅಷ್ಟೇ ತಾಳ್ಮೆ ತೋರುವುದು ನ್ಯಾಯ.

– ಕಾರ್ಯದರ್ಶಿ