ಮೈತೂಕ, ಜೀವನಕ್ರಮ ಮತ್ತು ಮೂಲವ್ಯಾಧಿ

ಗುದನಾಳದ ಒಳಗೋಡೆಯಲ್ಲಿ, ಹೊರದಾರಿಗೆ ಕೊಂಚ ಮೇಲೆ, ಪ್ರತಿಯೊಬ್ಬರಿಗೂ ಹುಟ್ಟಿನಿಂದಲೇ ಮೂರು ಮುಖ್ಯ ಮೆತ್ತೆಗಳಿರುತ್ತವೆ. ಸಣ್ಣ ರಕ್ತನಾಳಗಳು ಮತ್ತು ಸ್ನಾಯುವಿನ ಎಳೆಗಳಿಂದಾದ ಇವು ನಲ್ಲಿಯ ವಾಷರಿನಂತೆ ದಾರಿಯನ್ನು ಬಿಗಿಯಾಗಿ ಮುಚ್ಚಿ, ಗಾಳಿಯಾಗಲಿ ಮಲವಾಗಲಿ ತಾನಾಗಿ ಸೋರದಂತೆ ನೋಡಿಕೊಳ್ಳುತ್ತವೆ. ಈ ಮೆತ್ತೆಗಳು ಊದಿಕೊಂಡು, ಅವನ್ನು ಹಿಡಿದಿಟ್ಟ ಎಳೆಗಳು ಸಡಿಲಗೊಂಡು ಕೆಳಕ್ಕೆ ಜಾರಿದಾಗ ಅದು ಮೂಲವ್ಯಾಧಿ, ಅಂದರೆ ಪೈಲ್ಸ್. ಒಳಗಿನ ಮೂಲವ್ಯಾಧಿಯಲ್ಲಿ ಸಾಮಾನ್ಯವಾಗಿ ನೋವಿಲ್ಲದೆ ಕೆಂಪು ರಕ್ತ ಹೋಗುತ್ತದೆ. ಹೊರಗಿನದರಲ್ಲಿ ರಕ್ತ ಹೆಪ್ಪುಗಟ್ಟಿದರೆ ಕೂರಲಾರದಷ್ಟು ನೋವು ಬರುತ್ತದೆ.

ಗುದನಾಳದ ಮೇಲ್ಭಾಗದಿಂದ ರಕ್ತವನ್ನು ಒಯ್ಯುವ ಅಭಿಧಮನಿಗಳಲ್ಲಿ ಕವಾಟಗಳಿಲ್ಲ. ಹೊಟ್ಟೆಯೊಳಗೆ ಒತ್ತಡ ಏರಿದರೆ ರಕ್ತ ಮೇಲಕ್ಕೆ ಹರಿಯುವುದು ನಿಧಾನವಾಗಿ ಮೆತ್ತೆಗಳು ಉಬ್ಬುತ್ತವೆ. ಬಸುರಿಯರಲ್ಲಿ ಮೂಲವ್ಯಾಧಿ ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಹೊಟ್ಟೆಯ ಸುತ್ತ ಬೊಜ್ಜು ತುಂಬಿದವರಲ್ಲಿ ಈ ಒತ್ತಡ ದಿನವಿಡೀ ಕೊಂಚ ಹೆಚ್ಚೇ ಇರುತ್ತದೆ.

ಹಾಗಾದರೆ ದಪ್ಪಗಿದ್ದವರಿಗೆಲ್ಲ ಮೂಲವ್ಯಾಧಿ ಬರುತ್ತದೆಯೇ? ಸಂಶೋಧನೆಗಳ ಉತ್ತರ ಒಂದೇ ತೆರನಾಗಿಲ್ಲ. ಆಸ್ಟ್ರಿಯಾದಲ್ಲಿ ಕರುಳಿನ ತಪಾಸಣೆಗೆ ಬಂದ 976 ಜನರನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಶೇ. 39 ಮಂದಿಗೆ ಮೂಲವ್ಯಾಧಿ ಇತ್ತು. ಎತ್ತರಕ್ಕೆ ಹೋಲಿಸಿದ ತೂಕದ ಅಳತೆಯಾದ ಬಿಎಂಐ ಹೆಚ್ಚಾದಷ್ಟೂ ಅದರ ಸಾಧ್ಯತೆಯೂ ಹೆಚ್ಚುವುದು ಅಲ್ಲಿ ಕಂಡುಬಂತು. ಆದರೆ ಅಮೆರಿಕದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2015ರಲ್ಲಿ ಹೊರಬಂದ ಅಧ್ಯಯನಕ್ಕೆ ತೂಕದ ಜೊತೆ ಅಂಥ ನಂಟು ಸಿಗಲಿಲ್ಲ. ಹೆಚ್ಚು ಹೊತ್ತು ಕೂತಿರುವವರಲ್ಲೂ ಅಪಾಯ ಹೆಚ್ಚಾಗಿ ಕಾಣಲಿಲ್ಲ. ಅಲ್ಲಿ ಎದ್ದು ಕಂಡದ್ದು ಮಲಬದ್ಧತೆ. ಧಾನ್ಯಗಳ ನಾರನ್ನು ಹೆಚ್ಚು ತಿನ್ನುವವರಲ್ಲಿ ಮೂಲವ್ಯಾಧಿ ಕಡಿಮೆಯಿತ್ತು. ಆದ್ದರಿಂದ ಎಲ್ಲ ದೋಷವನ್ನೂ ತೂಕದ ತಲೆಗೆ ಕಟ್ಟುವುದು ಸರಿಯಲ್ಲ. ಇಂಥ ಮಾತಿನ ನಾಚಿಕೆಯಿಂದಲೇ ಎಷ್ಟೋ ಜನ ವೈದ್ಯರಿಗೆ ತೋರಿಸದೆ ವರ್ಷಗಟ್ಟಲೆ ನೋವು ತಿನ್ನುತ್ತಾರೆ. ತೂಕದ ಹಿಂದೆ ಅಡಗಿರುವ ಊಟ ಮತ್ತು ಶೌಚದ ಅಭ್ಯಾಸಗಳತ್ತ ನೋಡುವುದೇ ಹೆಚ್ಚು ಫಲಕಾರಿ.

ಅವುಗಳಲ್ಲಿ ಮೊದಲನೆಯದು ತಿಣುಕುವುದು. ಗಟ್ಟಿಯಾದ ಮಲವನ್ನು ಹೊರದೂಡಲು ಉಸಿರು ಬಿಗಿಹಿಡಿದು ಒತ್ತಿದಾಗ ಮೆತ್ತೆಗಳು ಪ್ರತಿ ಸಲವೂ ಕೆಳಕ್ಕೆ ತಳ್ಳಲ್ಪಡುತ್ತವೆ. ಎರಡನೆಯದು ಹೊತ್ತು. ಕಮೋಡಿನ ಮೇಲೆ ಕೂತಾಗ ಕುರ್ಚಿಯಲ್ಲಿ ಸಿಗುವಂತೆ ಕೆಳಗಿನಿಂದ ಆಧಾರ ಸಿಗುವುದಿಲ್ಲ, ಮೆತ್ತೆಗಳಲ್ಲಿ ರಕ್ತ ತುಂಬುತ್ತಾ ಹೋಗುತ್ತದೆ. ಬಾಸ್ಟನ್ ನಗರದ ಆಸ್ಪತ್ರೆಯೊಂದರಲ್ಲಿ 125 ಮಂದಿಯ ಮೇಲೆ ನಡೆದ, 2025ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಶೌಚಾಲಯದಲ್ಲಿ ಮೊಬೈಲ್ ನೋಡುವವರಲ್ಲಿ ಮೂಲವ್ಯಾಧಿಯ ಅಪಾಯ ಶೇ. 46ರಷ್ಟು ಹೆಚ್ಚಿತ್ತು. ಐದು ನಿಮಿಷ ಮೀರಿ ಕೂರುವವರು ಮೊಬೈಲ್ ಒಯ್ಯುವವರಲ್ಲಿ ಶೇ. 37, ಒಯ್ಯದವರಲ್ಲಿ ಶೇ. 7 ಮಾತ್ರ. ಇದು ಚಿಕ್ಕ ಅಧ್ಯಯನವೇ. ಆದರೂ ಫೋನನ್ನು ಹೊರಗಿಟ್ಟು ಹೋಗುವುದರಿಂದ ನಷ್ಟವೇನೂ ಇಲ್ಲ.

ಮಲ ಮೆತ್ತಗಿರಬೇಕಾದರೆ ದಿನಕ್ಕೆ 25ರಿಂದ 30 ಗ್ರಾಂ ನಾರು ಬೇಕು. ನೂರು ಗ್ರಾಂ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರು ಗ್ರಾಂಗಿಂತ ಕಡಿಮೆ ನಾರಿದ್ದರೆ, ಅಷ್ಟೇ ರಾಗಿಯಲ್ಲಿ ಸುಮಾರು 11 ಗ್ರಾಂ ಇದೆ. ಮುದ್ದೆ, ಬಸ್ಸಾರು, ಕಾಳಿನ ಪಲ್ಯ, ಸೊಪ್ಪು, ಸೀಬೆಹಣ್ಣು ಇರುವ ಊಟವಿದ್ದರೆ ಮಲ ಮೆತ್ತಗಾಗಲು ಬೇರೆ ಔಷಧವೇ ಬೇಡವೆನ್ನಬಹುದು. ಸಾಲದಿದ್ದರೆ ಇಸಬ್‌ಗೋಲ್ ಇದೆ. ಮೂಲವ್ಯಾಧಿ ಈಗಾಗಲೇ ಇದ್ದವರು ನಾರು ಹೆಚ್ಚಿಸಿದಾಗ ರಕ್ತಸ್ರಾವದ ಸಾಧ್ಯತೆ ಸುಮಾರು ಅರ್ಧಕ್ಕೆ ಇಳಿದದ್ದನ್ನು ಹಲವು ಪ್ರಯೋಗಗಳ ಒಟ್ಟು ವಿಶ್ಲೇಷಣೆ ತೋರಿಸಿದೆ. ನಾರನ್ನು ನಿಧಾನವಾಗಿ ಹೆಚ್ಚಿಸಬೇಕು, ಜೊತೆಗೆ ನೀರನ್ನೂ ಹೆಚ್ಚು ಕುಡಿಯಬೇಕು. ಇಲ್ಲವಾದರೆ ಹೊಟ್ಟೆಯುಬ್ಬರ ಕಾಡುತ್ತದೆ.

ಮೈಗೆ ಉಷ್ಣವಾಗಿ ಮೂಲವ್ಯಾಧಿ ಬಂತು ಎನ್ನುವವರು ಮೆಣಸಿನಕಾಯಿಯನ್ನು ಮೊದಲು ಬಿಡುತ್ತಾರೆ. ಆದರೆ ಇಟಲಿಯಲ್ಲಿ 50 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಖಾರದಿಂದ ಮೂಲವ್ಯಾಧಿಯ ಲಕ್ಷಣಗಳು ಹೆಚ್ಚಾಗಲಿಲ್ಲ. ಗುದದ ಚರ್ಮ ಸೀಳುವ ಫಿಷರ್ ಇದ್ದರೆ ಮಾತ್ರ ಖಾರ ಉರಿ ಹೆಚ್ಚಿಸುತ್ತದೆ.

ತೂಕ ಇಳಿಸುವ ಭರದಲ್ಲಿ ಧಾನ್ಯ ಬಿಟ್ಟು ಬರೀ ಮೊಟ್ಟೆ, ಮಾಂಸ, ಪ್ರೋಟೀನ್ ಪುಡಿಗೆ ಅಂಟಿಕೊಂಡರೆ ಮಲ ಗಟ್ಟಿಯಾಗಿ, ತಪ್ಪಿಸಬೇಕೆಂದದ್ದೇ ಬರುತ್ತದೆ. ಈಚೆಗೆ ಬಂದಿರುವ ಸೆಮಾಗ್ಲುಟೈಡ್‌ನಂಥ ತೂಕ ಇಳಿಸುವ ಔಷಧಗಳಿಂದಲೂ ಮಲಬದ್ಧತೆ ಆಗಬಹುದು. ನಿಧಾನವಾಗಿ ತೂಕ ಇಳಿಸುವುದು, ದಿನವೂ ನಡೆಯುವುದು ಕರುಳಿನ ಚಲನೆಗೂ ಒಳ್ಳೆಯದು. ಜಿಮ್ಮಿನಲ್ಲಿ ಭಾರ ಎತ್ತುವವರು ಎತ್ತುವಾಗ ಉಸಿರು ಹೊರಬಿಟ್ಟರೆ ಹೊಟ್ಟೆಯ ಒತ್ತಡ ಅಷ್ಟಾಗಿ ಏರುವುದಿಲ್ಲ.

ಗುದದಿಂದ ಹೋಗುವ ರಕ್ತವೆಲ್ಲ ಮೂಲವ್ಯಾಧಿಯದಲ್ಲ. ಮಲ ಕಪ್ಪಗಾಗುವುದು, ರಕ್ತ ಮಲದಲ್ಲಿ ಬೆರೆತಿರುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಶೌಚದ ರೂಢಿ ಇದ್ದಕ್ಕಿದ್ದಂತೆ ಬದಲಾಗುವುದು, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಬಂದಿರುವುದು, ಇವುಗಳಲ್ಲಿ ಒಂದಿದ್ದರೂ ಬಸ್ ನಿಲ್ದಾಣದ ಜಾಹೀರಾತು ನಂಬಿ ಚುಚ್ಚುಮದ್ದು ಹಾಕಿಸಿಕೊಳ್ಳದೆ, ಶಸ್ತ್ರವೈದ್ಯರಿಂದ ಪರೀಕ್ಷೆ ಮಾಡಿಸಿಕೊಳ್ಳಬೇಕು.