ಘಟ್ಟ ಹತ್ತಿದವರು

ಗೋವೆಯಿಂದ ಬೆಳಗಾವಿಗೆ ಹೋಗುವ ದಾರಿ ಘಟ್ಟವನ್ನೇರಿ ಕನ್ನಡನಾಡನ್ನು ಸೇರುವುದು ಅನಮೋಡದಲ್ಲಿ. ಮಳೆಗಾಲದಲ್ಲಿ ದೂಧಸಾಗರವನ್ನು ನೋಡಬಂದವರಿಗೆ ಇಲ್ಲಿನ ಕಾಡು ಬರಿಯ ಕಣ್ಣಿನ ಹಬ್ಬ. ಪೋರ್ತುಗೀಜರ ಗೋವೆಯಲ್ಲಿ ಗುಲಾಮರಾಗಿದ್ದ ಆಫ್ರಿಕದವರಿಗಾದರೋ ಈ ಘಟ್ಟದ ಕಾಡೇ ಆಶ್ರಯ. ತಪ್ಪಿಸಿಕೊಂಡು ಬಂದ ಅಂಥವರ ಸಂತತಿಯೇ ಜೋಯಿಡಾ, ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಯ ಸಿದ್ದಿಗಳಲ್ಲಿ ಬಹುಮಂದಿ.

ಇದೇ ಬಗೆಯ ಕಥೆ ದೂರದ ಕೆರಿಬಿಯನ್ ಸಮುದ್ರದ ಜಮೈಕಾ ದ್ವೀಪದಲ್ಲಿಯೂ ಉಂಟು. ಕಬ್ಬಿನ ತೋಟಗಳಿಂದ ಓಡಿಹೋದ ಆಫ್ರಿಕದ ಗುಲಾಮರು ಅಲ್ಲಿನ ಬೆಟ್ಟಗಾಡುಗಳನ್ನು ಸೇರಿ ‘ಮರೂನ’ರೆನಿಸಿದರು. ಅವರನ್ನು ಗೆಲ್ಲಲಾರದೆ ಇಂಗ್ಲಿಷರು 1739ರಲ್ಲಿ ಒಪ್ಪಂದಕ್ಕೆ ಬಂದರು. ಮರೂನರಿಗೆ ಸ್ವಾತಂತ್ರ್ಯವೇನೋ ದೊರೆಯಿತು. ಆದರೆ ಮುಂದೆ ಓಡಿಬರುವ ಗುಲಾಮರನ್ನು ಹಿಡಿದೊಪ್ಪಿಸಬೇಕೆಂಬ ಕರಾರೂ ಅದರೊಳಗಿತ್ತು. ಎಂತಹ ಬೆಲೆ!

ನಮ್ಮ ಸಿದ್ದಿಗಳ ಕಥೆ ಚರಿತ್ರೆಯ ಪುಸ್ತಕಗಳಲ್ಲಿ ಅಷ್ಟು ಸದ್ದು ಮಾಡಿಲ್ಲ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ್ದೇ 2003ರಲ್ಲಿ. ಇವರಲ್ಲಿ ಹಿಂದೂಗಳು, ಕ್ರೈಸ್ತರು, ಮುಸಲ್ಮಾನರು ಮೂವರೂ ಇದ್ದಾರೆ. ತಾಯ್ನೆಲದ ನುಡಿ ಮರೆತುಹೋಗಿ ಕೊಂಕಣಿ, ಕನ್ನಡಗಳು ಮನೆಮಾತಾಗಿವೆ. ಮರೆಯದೆ ಉಳಿದದ್ದು ತಾಳ. ಟೊಳ್ಳು ಮರಕ್ಕೆ ಚರ್ಮ ಬಿಗಿದ ಡಮಾಮಿಯನ್ನು ಬಾರಿಸಿದರೆ ಮುದುಕಿಯರೂ ಎದ್ದು ಕುಣಿಯುತ್ತಾರೆ. ಜಮೈಕಾದ ಬೆಟ್ಟಗಳಲ್ಲಿಯೂ ಮರೂನರು ಗತಿಸಿದ ಹಿರಿಯರನ್ನು ಕರೆಯುವುದು ಚರ್ಮವಾದ್ಯದ ಮೂಲಕವೇ.