ಹಸಿರು ಚುಕ್ಕೆ ಹೇಳದ ಮಾತು: ಚಾಕೊಲೇಟ್ ಮತ್ತು ಬಾಲಕಾರ್ಮಿಕರು

ಚಾಕೊಲೇಟ್ ಕೊಳ್ಳುವಾಗ ಪೊಟ್ಟಣ ತಿರುಗಿಸಿ ನೋಡುವ ರೂಢಿ ಜೈನ ಕುಟುಂಬಗಳಲ್ಲಿದೆ. ಹಸಿರು ಚುಕ್ಕೆ ಇದೆಯೇ, ಮೊಟ್ಟೆ ಸೇರಿದೆಯೇ, ಜೆಲಾಟಿನ್ ಹಾಕಿದ್ದಾರೆಯೇ ಎಂದು ಈಗ ಮಕ್ಕಳೂ ಓದಿಯೇ ಬಾಯಿಗಿಡುತ್ತಾರೆ. ಬಹಳ ಒಳ್ಳೆಯ ರೂಢಿ ಇದು. ಆದರೆ ಒಳಗಿನ ಪದಾರ್ಥ ಸಸ್ಯಾಹಾರವೇ ಎಂಬುದನ್ನು ಮಾತ್ರ ಆ ಚುಕ್ಕೆ ಹೇಳುತ್ತದೆ. ಕೊಕ್ಕೊ ಕಾಯಿಯನ್ನು ಕೊಯ್ದವರು ಯಾರು, ಮೂಟೆ ಹೊತ್ತವರು ಯಾರು ಎಂಬುದನ್ನು ಹೇಳುವುದಿಲ್ಲ.

ತೋಟದಲ್ಲಿ ನಡೆಯುವುದು

ಜಗತ್ತಿನ ಕೊಕ್ಕೊದಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವುದು ಪಶ್ಚಿಮ ಆಫ್ರಿಕಾದ ಎರಡು ದೇಶಗಳಲ್ಲಿ: ಐವರಿ ಕೋಸ್ಟ್ ಮತ್ತು ಘಾನಾ. ಅಲ್ಲಿರುವುದು ದೊಡ್ಡ ಎಸ್ಟೇಟುಗಳಲ್ಲ, ಹೆಚ್ಚಾಗಿ ಕೆಲವೇ ಎಕರೆಯ ಸಣ್ಣ ಹಿಡುವಳಿಗಳು. ಕಾಯಿಯನ್ನು ಕತ್ತಿಯಿಂದ ಕೊಯ್ದು, ಒಡೆದು, ಬೀಜ ತೆಗೆದು, ಬಾಳೆಲೆ ಮುಚ್ಚಿ ಕೆಲವು ದಿನ ಹುಳಿಬರಿಸಿ, ಬಿಸಿಲಿನಲ್ಲಿ ಒಣಗಿಸುತ್ತಾರೆ. ಎಲ್ಲವೂ ಕೈಕೆಲಸ.

ಶಾಲೆ ಮುಗಿಸಿ ಬಂದ ಮಗು ಅಪ್ಪ ಅಮ್ಮನ ಜೊತೆ ಬೀಜ ಹರವಿದರೆ ಅದನ್ನು ಯಾರೂ ಅಪರಾಧ ಎನ್ನುವುದಿಲ್ಲ. ಹರಿತವಾದ ಕತ್ತಿ ಬೀಸುವುದು, ಶಕ್ತಿ ಮೀರಿದ ಮೂಟೆ ಹೊರುವುದು, ಕೀಟನಾಶಕ ಸಿಂಪಡಿಸುವುದು, ಇದಕ್ಕಾಗಿ ಶಾಲೆ ಬಿಡುವುದು ಬಾಲಕಾರ್ಮಿಕ ಪದ್ಧತಿ. ಷಿಕಾಗೋ ವಿಶ್ವವಿದ್ಯಾಲಯದ ಸಂಶೋಧನಾ ಸಂಸ್ಥೆ ನಾರ್ಕ್ 2018–19ರ ಹಂಗಾಮಿನಲ್ಲಿ ಸಮೀಕ್ಷೆ ಮಾಡಿ 2020ರಲ್ಲಿ ವರದಿ ಕೊಟ್ಟಿತು. ಅದರ ಅಂದಾಜಿನಂತೆ ಈ ಎರಡು ದೇಶಗಳ ಕೊಕ್ಕೊ ಕೆಲಸದಲ್ಲಿ 15.6 ಲಕ್ಷ ಬಾಲಕಾರ್ಮಿಕರಿದ್ದರು. ಅವರಲ್ಲಿ 14.8 ಲಕ್ಷ ಮಕ್ಕಳು ಅಪಾಯಕಾರಿ ಕೆಲಸದಲ್ಲಿದ್ದರು. ಹೆಚ್ಚಿನವರು ಸ್ವಂತ ಕುಟುಂಬದ ತೋಟದಲ್ಲಿಯೇ ದುಡಿಯುವವರು. ಮಾಲಿ, ಬುರ್ಕಿನಾ ಫಾಸೊ ದೇಶಗಳಿಂದ ಆಸೆ ತೋರಿಸಿ ಸಾಗಿಸಿ ತಂದ ಮಕ್ಕಳೂ ಇದ್ದಾರೆ. ಅವರ ಸಂಖ್ಯೆ ಕಡಿಮೆ, ಸ್ಥಿತಿ ಮಾತ್ರ ಅತಿ ಕಠೋರ.

ಕಂಪನಿಗಳು ಕೊಟ್ಟ ಮಾತು

2001ರಲ್ಲಿ ಅಮೆರಿಕದ ಸಂಸದ ಎಲಿಯಟ್ ಎಂಗೆಲ್ ಚಾಕೊಲೇಟಿಗೆ 'ಗುಲಾಮಗಿರಿಯಿಂದ ಮುಕ್ತ' ಎಂಬ ಚೀಟಿ ತರಲು ಮುಂದಾದರು. ಅದಕ್ಕೆ ಕೆಳಮನೆಯ ಒಪ್ಪಿಗೆಯೂ ಸಿಕ್ಕಿತು. ಆಗ ಕಂಪನಿಗಳು ಕಾನೂನಿನ ಬದಲು ಸ್ವಯಂಪ್ರೇರಿತ ಒಪ್ಪಂದಕ್ಕೆ ಬಂದವು. ಸೆನೆಟರ್ ಟಾಮ್ ಹಾರ್ಕಿನ್ ಮತ್ತು ಎಂಗೆಲ್ ಹೆಸರಿನ ಆ ಒಪ್ಪಂದಕ್ಕೆ ನೆಸ್ಲೆ, ಮಾರ್ಸ್, ಹರ್ಷೀ ಮೊದಲಾದ ಕಂಪನಿಗಳ ಮುಖ್ಯಸ್ಥರು ಸಹಿ ಹಾಕಿದರು. 2005ಕ್ಕೆ ಪ್ರಮಾಣೀಕರಣ ವ್ಯವಸ್ಥೆ ತರುವುದಾಗಿ ಮಾತು ಕೊಟ್ಟರು. ಗಡುವು 2008ಕ್ಕೆ ಹೋಯಿತು. 2010ರಲ್ಲಿ ಗುರಿಯೇ ಬದಲಾಯಿತು: 2020ರ ವೇಳೆಗೆ ಅತಿ ಕೆಟ್ಟ ರೂಪದ ಬಾಲಕಾರ್ಮಿಕತೆಯನ್ನು ಶೇ. 70ರಷ್ಟು ಇಳಿಸುವುದು. ಅದೂ ಈಡೇರಲಿಲ್ಲ. ಮಾತು ತಪ್ಪಿದವರಿಗೆ ದಂಡವಿರಲಿಲ್ಲ, ಏಕೆಂದರೆ ಅದು ಕಾನೂನಾಗಿರಲಿಲ್ಲ.

ಏನೂ ಆಗಿಲ್ಲವೆಂದಲ್ಲ. ಮನೆ ಮನೆಗೆ ಹೋಗಿ ದುಡಿಯುವ ಮಕ್ಕಳನ್ನು ಗುರುತಿಸಿ, ಶಾಲೆಗೆ ಸೇರಿಸಲು ನೆರವಾಗುವ ಯೋಜನೆಗಳು ನಡೆಯುತ್ತಿವೆ. ಆದರೆ ಅವು ಎಲ್ಲ ರೈತರನ್ನೂ ಮುಟ್ಟಿಲ್ಲ.

ಮಾಲಿಯಿಂದ ಬಾಲ್ಯದಲ್ಲಿ ಐವರಿ ಕೋಸ್ಟಿಗೆ ಸಾಗಿಸಲ್ಪಟ್ಟೆವೆಂದು ಹೇಳಿದ ಆರು ಜನರು ಅಮೆರಿಕದಲ್ಲಿ ನೆಸ್ಲೆ ಯುಎಸ್‌ಎ ಮತ್ತು ಕಾರ್ಗಿಲ್ ಕಂಪನಿಗಳ ಮೇಲೆ ಹೂಡಿದ ದಾವೆ 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ತೋಟದಲ್ಲಿ ಏನೂ ನಡೆದಿಲ್ಲವೆಂದು ಕೋರ್ಟ್ ಹೇಳಲಿಲ್ಲ. ನಡೆದದ್ದು ಹೊರದೇಶದಲ್ಲಿ, ಅಮೆರಿಕದಲ್ಲಿ ಕುಳಿತು ವ್ಯವಹಾರದ ಸಾಮಾನ್ಯ ತೀರ್ಮಾನ ತೆಗೆದುಕೊಂಡದ್ದಷ್ಟೇ ದಾವೆಗೆ ಸಾಲದು ಎಂದಿತು. ಸರಪಳಿ ಉದ್ದವಾದಷ್ಟೂ ಹೊಣೆ ತೆಳ್ಳಗಾಗುತ್ತದೆ.

ಬೆಲೆಯ ಲೆಕ್ಕ

ವ್ಯಾಪಾರ ಬಲ್ಲವರಿಗೆ ಮೂಲ ಕಾರಣ ಬೇಗ ತಿಳಿಯುತ್ತದೆ. ಕೂಲಿ ಕೊಡಲು ಕೈಯಲ್ಲಿ ಹಣವಿಲ್ಲದ ರೈತ ಮಗುವನ್ನು ದುಡಿಸುತ್ತಾನೆ. ಬೀಜ ರೈತನಿಂದ ಊರಿನ ದಲ್ಲಾಳಿಗೆ, ಅಲ್ಲಿಂದ ಸಹಕಾರಿ ಸಂಘಕ್ಕೋ ದೊಡ್ಡ ವ್ಯಾಪಾರಿಗೋ, ಬಳಿಕ ರಫ್ತುದಾರರಿಗೆ ಹೋಗುತ್ತದೆ. ದಾರಿಯಲ್ಲಿ ಹತ್ತಾರು ತೋಟದ ಮಾಲು ಒಂದೇ ಗೋದಾಮಿನಲ್ಲಿ ಬೆರೆಯುತ್ತದೆ. ಪೊಟ್ಟಣದ ಮೇಲೆ ಪ್ರಮಾಣೀಕರಣದ ಮುದ್ರೆ ಇದ್ದರೂ, ಎಷ್ಟೋ ಸಲ ಅದರರ್ಥ ಅಷ್ಟೇ ತೂಕದ ಪ್ರಮಾಣಿತ ಬೀಜವನ್ನು ಕಂಪನಿ ಖರೀದಿಸಿದೆ ಎಂದು ಮಾತ್ರ. ಆ ಬೀಜವೇ ಆ ಪೊಟ್ಟಣದಲ್ಲಿರಬೇಕೆಂದಿಲ್ಲ.

ರೈತರ ಕಷ್ಟ ನೋಡಿ ಎರಡೂ ದೇಶಗಳು 2020–21ರ ಬೆಳೆಯಿಂದ ಟನ್ನಿಗೆ 400 ಡಾಲರ್ ಹೆಚ್ಚುವರಿ ಹಣ ನಿಗದಿ ಮಾಡಿದವು. ಖರೀದಿದಾರರು ಬೇರೆ ಪ್ರೀಮಿಯಂ ಇಳಿಸಿ ಅದನ್ನು ಸರಿದೂಗಿಸಿಕೊಂಡರೆಂದು ಆ ದೇಶಗಳು ದೂರಿದವು. 2024ರ ಡಿಸೆಂಬರ್‌ನಲ್ಲಿ ಕೊಕ್ಕೊ ಪೇಟೆ ಟನ್ನಿಗೆ 12,000 ಡಾಲರ್ ದಾಟಿತು. ಆದರೆ ರೈತನ ದರವನ್ನು ಸರ್ಕಾರ ಹಂಗಾಮಿನ ಆರಂಭದಲ್ಲೇ ನಿಗದಿ ಮಾಡುವುದರಿಂದ ಆ ಏರಿಕೆ ಪೂರ್ತಿಯಾಗಿ ಅವನ ಕೈ ಸೇರಲಿಲ್ಲ.

ಶ್ರಾವಕರ ದೃಷ್ಟಿಯಲ್ಲಿ

ಕೃತ, ಕಾರಿತ, ಅನುಮೋದನೆ: ತಾನು ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು. ಮೂರರಿಂದಲೂ ಕರ್ಮಬಂಧವಾಗುತ್ತದೆ ಎಂಬುದು ಜೈನ ಶಾಸ್ತ್ರದ ಮಾತು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು, ಅಂದರೆ ಶಕ್ತಿ ಮೀರಿ ಹೊರೆ ಹೊರಿಸುವುದು. ಇದನ್ನು ಎತ್ತು ಕತ್ತೆಗಳಿಗಷ್ಟೇ ಅನ್ವಯಿಸಿ ಸುಮ್ಮನಾಗಬಾರದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ತದಾಹೃತಾದಾನ ಬರುತ್ತದೆ: ಕದ್ದು ತಂದ ಮಾಲನ್ನು ಕೊಳ್ಳುವುದು. ಕೊಂಡವನು ಕದಿಯಲಿಲ್ಲ, ಆದರೂ ದೋಷ ತಪ್ಪಲಿಲ್ಲ. ಮಾಲು ಎಲ್ಲಿಂದ ಬಂತೆಂದು ಕೇಳುವುದು ಕೊಳ್ಳುವವನ ಧರ್ಮ ಎಂದು ಆಚಾರ್ಯರು ಅಂದೇ ಹೇಳಿದ್ದಾರೆ.

ಕುಟುಂಬಗಳು ಮಾಡಬಹುದಾದದ್ದು

ಚಾಕೊಲೇಟನ್ನೇ ಬಿಡುವವರು ಬಿಡಬಹುದು, ಅದು ತ್ಯಾಗ. ಆದರೆ ಎಲ್ಲರೂ ಬಿಟ್ಟರೆ ಮೊದಲು ಸೋಲುವವನು ಅದೇ ಬಡ ರೈತ. ಅದಕ್ಕಿಂತ ಉಪಯುಕ್ತವಾದದ್ದು ಕೇಳುವುದು. ಪೊಟ್ಟಣದ ಮೇಲೆ ಗ್ರಾಹಕರ ವಿಭಾಗದ ದೂರವಾಣಿ ಮತ್ತು ಇ-ಮೇಲ್ ಇರುತ್ತದೆ. ಕೊಕ್ಕೊ ಯಾವ ದೇಶದ್ದು, ಎಷ್ಟು ಭಾಗದ ತೋಟದ ಗುರುತು ಕಂಪನಿಯ ಬಳಿ ಇದೆ, ರೈತನಿಗೆ ಎಷ್ಟು ಕೊಡುತ್ತಾರೆ, ಈ ಮೂರು ಪ್ರಶ್ನೆ ಸಾಕು. ಮೊಟ್ಟೆ ಇದೆಯೇ ಎಂದು ಕೇಳುವ ಗ್ರಾಹಕರು ಇದನ್ನೂ ಕೇಳಬಲ್ಲರು.

ಕರ್ನಾಟಕದಲ್ಲಿಯೂ ಕೊಕ್ಕೊ ಬೆಳೆಯುತ್ತದೆ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಅದು ಉಪಬೆಳೆ. ಮಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ 1986ರಿಂದ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ನಡೆಸುತ್ತಿದೆ. ಹತ್ತಿರದ ಮಾಲು ಎಂದ ಮಾತ್ರಕ್ಕೆ ದೋಷವಿಲ್ಲವೆಂದು ಭಾವಿಸಬೇಕಾಗಿಲ್ಲ. ಆದರೆ ಹತ್ತಿರವಿದ್ದರೆ ಹೋಗಿ ನೋಡಬಹುದು, ಕೇಳಬಹುದು.

ಬಸದಿಯ ಪಾಠಶಾಲೆಯಲ್ಲಿ, ಪರ್ವದ ಕಾರ್ಯಕ್ರಮದ ಕೊನೆಯಲ್ಲಿ ಮಕ್ಕಳಿಗೆ ಚಾಕೊಲೇಟ್ ಹಂಚುವವರು ಬಹಳ. ಹಂಚುವ ಮುನ್ನ ಎರಡು ನಿಮಿಷ ಈ ವಿಷಯ ತಿಳಿಸಿದರೆ, ಹಸಿರು ಚುಕ್ಕೆ ಹುಡುಕಲು ಕಲಿತ ಮಕ್ಕಳು ಅದರಾಚೆಗೂ ನೋಡಲು ಕಲಿಯುತ್ತಾರೆ.

ಜೈ ಜಿನೇಂದ್ರ.